ಸೈನಿಕನ ಮನಸ್ಸಿಗೂ ಚಿಕಿತ್ಸೆ ಇದೆ: ಎಲ್ಲಿ, ಹೇಗೆ, ಯಾವ ಹಕ್ಕಿನಿಂದ?

"ಮಿಲಿಟರಿಯಿಂದ ಬಂದಮೇಲೆ ಅವರು ಮೊದಲಿನ ಹಾಗಿಲ್ಲ." ನಿವೃತ್ತ ಸೈನಿಕರಿರುವ ಮನೆಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ. ಜಾತ್ರೆಗೆ, ಮದುವೆಗೆ ಕರೆದರೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಸಂಜೆಯಾದರೆ ಬಾಟಲಿ ಬೇಕು. ಮನೆಯವರು ಇದನ್ನು ಸ್ವಭಾವ ಎಂದುಕೊಂಡು ಸಹಿಸುತ್ತಾರೆ, ಊರವರು ಮಿಲಿಟರಿ ಸೊಕ್ಕು ಎನ್ನುತ್ತಾರೆ. ಇದು ಕಾಯಿಲೆ ಇರಬಹುದು, ಇದಕ್ಕೆ ಔಷಧಿ ಇರಬಹುದು ಎಂಬುದು ಎಷ್ಟೋ ವರ್ಷ ಯಾರಿಗೂ ಹೊಳೆಯುವುದೇ ಇಲ್ಲ.

ಕಾಲಿಗೆ ಗುಂಡು ತಗಲಿದ ಯೋಧನಿಗೆ ಎಲ್ಲಿಗೆ ಹೋಗಬೇಕು, ಯಾವ ಕಾಗದ ಇಟ್ಟುಕೊಳ್ಳಬೇಕು, ಯಾವ ಪಿಂಚಣಿ ಕೇಳಬೇಕು ಎಂಬುದು ಗೊತ್ತಿರುತ್ತದೆ. ಮನಸ್ಸಿಗೆ ಪೆಟ್ಟು ಬಿದ್ದವನಿಗೆ ಅದೇ ದಾರಿ ಗೊತ್ತಿರುವುದಿಲ್ಲ. ಆದರೆ ದಾರಿ ಇದ್ದೇ ಇದೆ. ಸೇವೆಯಲ್ಲಿರುವವರಿಗೆ, ನಿವೃತ್ತರಿಗೆ, ಅವರ ಮನೆಯವರಿಗೆ ಆ ದಾರಿಯನ್ನು ಹಂತಹಂತವಾಗಿ ತೋರಿಸುವುದು ಈ ಲೇಖನದ ಉದ್ದೇಶ. ಜೊತೆಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತೊಂದರೆಯನ್ನು ಮುಚ್ಚಿಟ್ಟರೆ ನೌಕರಿ ಉಳಿಯುತ್ತದೆ ಎಂಬ ನಂಬಿಕೆ ಬಹುತೇಕ ಸುಳ್ಳು. ಬೇಗ ಹೇಳಿಕೊಂಡವನ ಆರೋಗ್ಯವೂ ಉಳಿಯುತ್ತದೆ, ಹಕ್ಕೂ ಉಳಿಯುತ್ತದೆ.

ಮನಸ್ಸಿನ ಗಾಯ ಎಂದರೇನು?

ಮಿದುಳಿನ ಒಳಭಾಗದಲ್ಲಿ ಅಮಿಗ್ಡಲಾ ಎಂಬ ಸಣ್ಣ ಭಾಗವಿದೆ. ಅಪಾಯ ಕಂಡಾಗ ಎಚ್ಚರಿಸುವುದು ಅದರ ಕೆಲಸ. ಯಾವ ಘಟನೆ ಯಾವಾಗ, ಎಲ್ಲಿ ನಡೆಯಿತು ಎಂದು ನೆನಪನ್ನು ಜೋಡಿಸಿಡುವುದು ಹಿಪ್ಪೊಕ್ಯಾಂಪಸ್. 'ಈಗ ಅಪಾಯವಿಲ್ಲ, ಸುಮ್ಮನಿರು' ಎಂದು ತಡೆಹಿಡಿಯುವುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಜೀವ ಹೋಗುವಂಥ ಘಟನೆ ಎದುರಾದಾಗ ಕೆಲವರಲ್ಲಿ ಈ ಮೂರರ ಹೊಂದಾಣಿಕೆ ತಪ್ಪುತ್ತದೆ. ಎಚ್ಚರಿಕೆಯ ಭಾಗ ಸದಾ ಚುರುಕಾಗಿರುತ್ತದೆ, ತಡೆಯುವ ಭಾಗ ಸೋಲುತ್ತದೆ, ಕಳೆದುಹೋದ ಘಟನೆ ಈಗಲೇ ನಡೆಯುತ್ತಿದೆ ಎಂಬಂತೆ ಮರಳಿ ಬರುತ್ತದೆ. ವೈದ್ಯರು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ಕರೆಯುತ್ತಾರೆ.

ಇದರ ಲಕ್ಷಣಗಳನ್ನು ನಾಲ್ಕು ಗುಂಪು ಮಾಡಬಹುದು. ಮೊದಲನೆಯದು, ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ದುಃಸ್ವಪ್ನ. ಎರಡನೆಯದು, ಆ ನೆನಪು ತರುವ ಜಾಗ, ಜನ, ಮಾತುಗಳಿಂದ ದೂರವಿರುವುದು. ಮೂರನೆಯದು, ಯಾವುದರಲ್ಲೂ ಸಂತೋಷವಿಲ್ಲದಿರುವುದು, 'ಎಲ್ಲ ನನ್ನಿಂದಲೇ ಆಯಿತು' ಎಂಬ ಅಪರಾಧಿ ಭಾವ, ಮಕ್ಕಳ ಬಗ್ಗೆಯೂ ಬತ್ತಿದ ಮಮತೆ. ನಾಲ್ಕನೆಯದು, ಬೆಚ್ಚಿಬೀಳುವುದು, ಸಿಟ್ಟು, ನಿದ್ದೆಗೇಡು, ಸದಾ ಕಾವಲು ಕಾಯುವ ಸ್ಥಿತಿ. ದೀಪಾವಳಿಯ ಪಟಾಕಿ ಸದ್ದಿಗೆ ನೆಲಕ್ಕೆ ಬೀಳುವವರು, ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರುವವರು, ರಾತ್ರಿ ಎರಡು ಗಂಟೆಗೆ ಎದ್ದು ಮುಂಬಾಗಿಲ ಚಿಲಕ, ಹಿತ್ತಿಲ ಚಿಲಕ, ಮತ್ತೆ ಮುಂಬಾಗಿಲ ಚಿಲಕ ನೋಡಿ ಬರುವವರು ನಮ್ಮ ನಡುವೆಯೇ ಇದ್ದಾರೆ. ಭಾರೀ ಘಟನೆ ನಡೆದ ಮೊದಲ ಕೆಲವು ವಾರ ಇಂಥ ಲಕ್ಷಣ ಕಾಣುವುದು ಸಹಜ, ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿಯೂ ಉಳಿದು, ಕೆಲಸಕ್ಕೂ ಸಂಸಾರಕ್ಕೂ ಅಡ್ಡಿಯಾದರೆ ವೈದ್ಯರನ್ನು ಕಾಣಲೇಬೇಕು.

ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳುವುದೂ ಉಂಟು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆಯ ಯೋಧರಲ್ಲಿ ಅನೇಕರಿಗೆ ಈಗ ಅರವತ್ತು ದಾಟಿದೆ. 1999ರ ಕಾರ್ಗಿಲ್ ಯುದ್ಧ ಕಂಡವರಲ್ಲಿ ಬಹುತೇಕರು ನಿವೃತ್ತರಾಗಿದ್ದಾರೆ. ಸೇವೆಯಲ್ಲಿದ್ದಷ್ಟು ದಿನ ಪರೇಡು, ಡ್ಯೂಟಿ, ಜೊತೆಗಾರರ ನಡುವೆ ಅದುಮಿಟ್ಟದ್ದು, ಕೈಗೆ ಕೆಲಸವಿಲ್ಲದ ನಿವೃತ್ತಿಯ ದಿನಗಳಲ್ಲಿ ಮೇಲೆ ಬರಬಹುದು. 'ಅದೆಲ್ಲ ಮುಗಿದು ಇಪ್ಪತ್ತೈದು ವರ್ಷವಾಯಿತಲ್ಲ' ಎಂದು ತಳ್ಳಿಹಾಕಬಾರದು.

ಈ ಕಾಯಿಲೆಯನ್ನು ಶಿಸ್ತಿನ ಲೋಪವೆಂದು ನೋಡಿದ ಇತಿಹಾಸ ಕ್ರೂರವಾದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ 'ಶೆಲ್ ಶಾಕ್' ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದೇ ಯುದ್ಧದಲ್ಲಿ ಹೇಡಿತನ, ಪಲಾಯನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನವರನ್ನೇ ಗುಂಡಿಟ್ಟು ಕೊಂದಿತು. ಹಾಗೆ ಸತ್ತ 306 ಯೋಧರಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಮಂದಿ ಕಾಯಿಲೆಯವರಾಗಿದ್ದರು ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ನೋಡಿದಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿಯನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಕಾರಣ ಯುದ್ಧವೊಂದೇ ಅಲ್ಲ

ನಮ್ಮ ಸೈನಿಕರ ಮನಸ್ಸನ್ನು ಹಿಂಡುವುದು ಗುಂಡಿನ ಸದ್ದು ಮಾತ್ರವಲ್ಲ. ಸಂಸತ್ತಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ರಕ್ಷಣಾ ಸಚಿವಾಲಯ ಕೌಟುಂಬಿಕ ಸಮಸ್ಯೆ, ದಾಂಪತ್ಯ ಕಲಹ, ಹಣಕಾಸಿನ ತೊಂದರೆ ಮತ್ತು ಒತ್ತಡವನ್ನು ಕಾರಣಗಳಾಗಿ ಹೇಳುತ್ತ ಬಂದಿದೆ. ಉತ್ತರದ ಗಡಿಯಲ್ಲಿ ಕಾವಲು ನಿಂತವನಿಗೆ ಊರಿನಿಂದ ಫೋನು ಬರುತ್ತದೆ: ದಾಯಾದಿಗಳು ಬದು ಒತ್ತಿ ಉತ್ತಿದ್ದಾರೆ, ಸರ್ವೆಯವನು ಬಂದು ಹೋದ, ಪೊಲೀಸರು ದೂರು ತೆಗೆದುಕೊಳ್ಳುತ್ತಿಲ್ಲ. ಹಿಂದೆ ವಾರಕ್ಕೊಂದು ಪತ್ರದಲ್ಲಿ ತಣ್ಣಗಾಗಿ ತಲುಪುತ್ತಿದ್ದ ಜಗಳ ಈಗ ವಾಟ್ಸಾಪ್‌ನಲ್ಲಿ ಗಳಿಗೆಗಳಿಗೆಗೆ ಬಿಸಿಯಾಗಿಯೇ ಬರುತ್ತದೆ. ಆತ ಮಾಡಬಹುದಾದದ್ದು ಏನೂ ಇಲ್ಲ, ಕೈಯಲ್ಲಿ ಮಾತ್ರ ಗುಂಡು ತುಂಬಿದ ಬಂದೂಕಿದೆ.

ಹೀಗಿರುವಾಗ ಮನಸ್ಸಿನ ಚಿಕಿತ್ಸೆಯ ಅರ್ಧ ಭಾಗ ಊರಿನ ತಾಪತ್ರಯ ಬಿಡಿಸುವುದರಲ್ಲೇ ಇದೆ. ಇದಕ್ಕೆ ಮೂರು ದಾರಿಗಳಿವೆ. ಒಂದು, ಯೋಧ ತನ್ನ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೋ ಪೊಲೀಸ್ ವರಿಷ್ಠಾಧಿಕಾರಿಗೋ ಪತ್ರ ಬರೆಸಬಹುದು. ಎರಡು, ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ, ಅಂದರೆ ನಮ್ಮ ಜನ 'ಸೈನಿಕ ಬೋರ್ಡ್' ಎನ್ನುವಲ್ಲಿಗೆ, ಮನೆಯವರೇ ಹೋಗಿ ಅರ್ಜಿ ಕೊಡಬಹುದು. ಮೂರನೆಯದು ಹೊಸದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನದಂದು, 'ವೀರ ಪರಿವಾರ ಸಹಾಯತಾ ಯೋಜನೆ' ಆರಂಭಿಸಿದೆ. ದೂರದಲ್ಲಿರುವ ಯೋಧರ ಮತ್ತು ಅವರ ಕುಟುಂಬದ ಆಸ್ತಿ, ಕೌಟುಂಬಿಕ ವ್ಯಾಜ್ಯಗಳಿಗೆ ಉಚಿತ ಕಾನೂನು ನೆರವು ಕೊಡುವುದು ಅದರ ಗುರಿ. ಜಮೀನಿನ ವ್ಯಾಜ್ಯಕ್ಕೆ ಒಬ್ಬ ವಕೀಲ ಸಿಕ್ಕಿದ ಎಂಬ ಸುದ್ದಿಯೇ ಎಷ್ಟೋ ರಾತ್ರಿಗಳ ನಿದ್ದೆ ಮರಳಿಸಬಲ್ಲದು.

ಸೇವೆಯಲ್ಲಿರುವವರು ಎಲ್ಲಿಂದ ಆರಂಭಿಸಬೇಕು?

ಯೂನಿಟ್‌ನಲ್ಲಿ ಮೊದಲ ಆಸರೆ 'ಬಡ್ಡಿ' (buddy), ಅಂದರೆ ಜೋಡಿಯಾಗಿರುವ ಜೊತೆಗಾರ. ಊಟ, ನಿದ್ದೆ, ಕಾವಲು ಎಲ್ಲದರಲ್ಲೂ ಜೊತೆಗಿರುವ ಆ ಜೊತೆಗಾರನಿಗೆ ಬದಲಾವಣೆ ಎಲ್ಲರಿಗಿಂತ ಮೊದಲು ಕಾಣುತ್ತದೆ. ಆಮೇಲೆ ಸುಬೇದಾರ್ ಸಾಹೇಬರು, ಧರ್ಮಗುರು, ಕಂಪನಿ ಕಮಾಂಡರ್. ಸೇನೆ ಮತ್ತು ನೌಕಾಪಡೆ ಆಪ್ತಸಲಹೆಗಾಗಿ 'ಮಾನಸಿಕ ಸಹಾಯತಾ' ಸಹಾಯವಾಣಿಗಳನ್ನು ನಡೆಸುತ್ತವೆ. ತರಬೇತಿ ಪಡೆದ ಆಪ್ತಸಲಹೆಗಾರರನ್ನೂ ಹಲವೆಡೆ ನೇಮಿಸಲಾಗಿದೆ.

ವೈದ್ಯಕೀಯ ದಾರಿ ಆರಂಭವಾಗುವುದು ಯೂನಿಟ್‌ನ ವೈದ್ಯಕೀಯ ತಪಾಸಣಾ ಕೊಠಡಿಯಾದ ಎಂ.ಐ. ರೂಮಿನಲ್ಲಿ, ರೆಜಿಮೆಂಟಿನ ವೈದ್ಯಾಧಿಕಾರಿಯಿಂದ. ಅವರು ನೋಡಿ, ಅಗತ್ಯವೆನಿಸಿದರೆ ಮನೋವೈದ್ಯರಿರುವ ಮಿಲಿಟರಿ ಆಸ್ಪತ್ರೆಗೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಇಂಥ ದೊಡ್ಡ ಕೇಂದ್ರ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ. ಜೊತೆಗೆ ಕಮಾಂಡಿಂಗ್ ಆಫೀಸರ್ ಒಂದು ವರದಿ ಕೊಡಬೇಕು. ಈತ ಕೆಲಸದಲ್ಲಿ ಹೇಗಿದ್ದ, ನಡವಳಿಕೆ ಯಾವಾಗಿನಿಂದ ಬದಲಾಯಿತು, ಕುಡಿತ ಇದೆಯೇ, ಮನೆಯಲ್ಲಿ ತೊಂದರೆ ಇದೆಯೇ ಎಂಬ ವಿವರ ಅದರಲ್ಲಿರುತ್ತದೆ. ಮುಂದೆ ಪಿಂಚಣಿಯ ಪ್ರಶ್ನೆ ಬಂದಾಗಲೂ ಈ ವರದಿಗೆ ತೂಕವಿದೆ.

ಆಮೇಲಿನದೇ ಯೋಧರು ಹೆದರುವ ಹಂತ, ಮೆಡಿಕಲ್ ಕೆಟಗರಿ. ಸೇನೆ ಆರೋಗ್ಯವನ್ನು 'ಶೇಪ್' ಎಂಬ ಐದು ಅಕ್ಷರಗಳಲ್ಲಿ ಅಳೆಯುತ್ತದೆ. ಮೊದಲ ಅಕ್ಷರ ಎಸ್ ಮನಸ್ಸಿಗೆ ಸೇರಿದ್ದು. ಉಳಿದವು ಕಿವಿ, ಕೈಕಾಲು, ದೇಹಬಲ ಮತ್ತು ಕಣ್ಣು. ಪ್ರತಿ ಅಕ್ಷರಕ್ಕೆ 1ರಿಂದ 5ರವರೆಗೆ ದರ್ಜೆ. ಎಸ್-1 ಎಂದರೆ ಪೂರ್ತಿ ಆರೋಗ್ಯ, ಎಸ್-5 ಎಂದರೆ ಸೇವೆಗೆ ಅನರ್ಹ. ಚಿಕಿತ್ಸೆಗೆ ಬಂದವರನ್ನು ಸಾಮಾನ್ಯವಾಗಿ 24 ವಾರಗಳ ತಾತ್ಕಾಲಿಕ ಕೆಟಗರಿಗೆ ಇಳಿಸಿ, ಬಂದೂಕಿನ ಕಾವಲು, ಎತ್ತರದ ಪ್ರದೇಶದ ಪೋಸ್ಟಿಂಗ್ ಮೊದಲಾದವುಗಳಿಂದ ದೂರವಿಟ್ಟು, ಅವಧಿ ಮುಗಿದಮೇಲೆ ಮತ್ತೆ ಪರೀಕ್ಷಿಸುತ್ತಾರೆ. ಗುಣವಾದವರ ದರ್ಜೆ ಮತ್ತೆ ಮೇಲೇರುತ್ತದೆ.

ಇಲ್ಲಿ ಸತ್ಯ ಮುಚ್ಚಿಡಬಾರದು. ಕೆಟಗರಿ ಇಳಿದರೆ ಬಡ್ತಿಗೂ ಕೆಲವು ಪೋಸ್ಟಿಂಗ್‌ಗಳಿಗೂ ತೊಡಕಾಗುವುದು ಉಂಟು, ಆ ಭಯಕ್ಕೆ ಆಧಾರವಿದೆ. ಆದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. ಚಿಕಿತ್ಸೆ ಪಡೆಯದವನ ಕಾಯಿಲೆ ಸುಮ್ಮನೆ ಕೂರುವುದಿಲ್ಲ. ರಜೆ ಮುಗಿದರೂ ಮರಳದಿರುವುದು, ಕುಡಿದು ಡ್ಯೂಟಿಗೆ ಬರುವುದು, ಮೇಲಧಿಕಾರಿಯ ಮೇಲೆ ಕೈ ಎತ್ತುವುದು, ಹೀಗೆ ಹೊರಬೀಳುತ್ತದೆ. ಆಗ ದಾಖಲಾಗುವುದು ಕಾಯಿಲೆಯಲ್ಲ, ರೆಡ್ ಇಂಕ್ ಎಂಟ್ರಿ, ಅಂದರೆ ಶಿಕ್ಷೆಯ ದಾಖಲೆ. ಅಂಥವು ನಾಲ್ಕಾದರೆ ಸೇವೆಯಿಂದ ಕಳಿಸುವ ವಿಚಾರವೇ ಎದುರಾಗುತ್ತದೆ. ಒಂದೇ ಕಾಯಿಲೆಯ ಇಬ್ಬರಲ್ಲಿ ಒಬ್ಬ ಆಸ್ಪತ್ರೆಯ ದಾಖಲೆಯೊಂದಿಗೆ ಪಿಂಚಣಿ ಪಡೆದು ಊರಿಗೆ ಬರುತ್ತಾನೆ, ಇನ್ನೊಬ್ಬ ಬರಿಗೈಯಲ್ಲಿ, ಕೆಟ್ಟ ಹೆಸರು ಹೊತ್ತು ಬರುತ್ತಾನೆ. ವ್ಯತ್ಯಾಸ ಇರುವುದು ಬೇಗ ಹೇಳಿಕೊಂಡದ್ದರಲ್ಲಿ.

ಯೂನಿಟ್‌ನಲ್ಲಿ ಬಾಯಿಬಿಡಲು ಇನ್ನೂ ಧೈರ್ಯ ಸಾಲದವರು ಟೆಲಿ ಮಾನಸ್‌ಗೆ ಫೋನು ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸೇವೆಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಶಸ್ತ್ರ ಪಡೆಗಳವರು ಮತ್ತು ಅವರ ಕುಟುಂಬದವರಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಟೆಲಿ ಮಾನಸ್‌ನ ಪ್ರತ್ಯೇಕ ಘಟಕವನ್ನು 2023ರ ಡಿಸೆಂಬರ್ 1ರಂದು ತೆರೆಯಲಾಯಿತು.

ಚಿಕಿತ್ಸೆಯಲ್ಲಿ ಏನೇನು ನಡೆಯುತ್ತದೆ?

ಮನೋವೈದ್ಯರ ಬಳಿ ಹೋದರೆ ಕರೆಂಟ್ ಕೊಡುತ್ತಾರೆ, ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ ಎಂಬ ಭಯ ಇನ್ನೂ ಇದೆ. ನಡೆಯುವುದು ಬೇರೆ. ಮೊದಲ ಭೇಟಿಯಲ್ಲಿ ಹೆಚ್ಚಾಗಿ ನಡೆಯುವುದು ಮಾತುಕತೆ. ನಿದ್ದೆ ಎಷ್ಟು, ಊಟ ಹೇಗೆ, ಕುಡಿತ ಎಷ್ಟು, ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳುತ್ತಾರೆ. ಥೈರಾಯ್ಡ್, ಸಕ್ಕರೆ, ತಲೆಗೆ ಬಿದ್ದ ಹಳೆಯ ಪೆಟ್ಟು ಇತ್ಯಾದಿ ದೇಹದ ಕಾರಣ ಇದೆಯೇ ಎಂದು ಪರೀಕ್ಷಿಸುತ್ತಾರೆ. ಹೆಂಡತಿಯನ್ನೋ ಅಣ್ಣತಮ್ಮಂದಿರನ್ನೋ ಬೇರೆಯಾಗಿ ಮಾತಾಡಿಸುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ.

ಪಿಟಿಎಸ್‌ಡಿಗೆ ಅತ್ಯುತ್ತಮ ಫಲ ಕೊಟ್ಟಿರುವುದು ಆಘಾತದ ನೆನಪಿನ ಮೇಲೆಯೇ ಕೆಲಸ ಮಾಡುವ ಮಾತಿನ ಚಿಕಿತ್ಸೆಗಳು. ಒಂದನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ 'ಪ್ರೊಲಾಂಗ್ಡ್ ಎಕ್ಸ್‌ಪೋಷರ್' ಎಂಬ ವಿಧಾನದಲ್ಲಿ ಸಾಮಾನ್ಯವಾಗಿ 8ರಿಂದ 15 ಭೇಟಿಗಳಿರುತ್ತವೆ, ಒಂದೊಂದೂ ಸುಮಾರು 90 ನಿಮಿಷ. ಮೊದಲು ನಿಧಾನವಾಗಿ ಉಸಿರಾಡುವುದನ್ನು ಕಲಿಸುತ್ತಾರೆ. ಆಮೇಲೆ ಯೋಧ ಕಣ್ಣು ಮುಚ್ಚಿ, ಆ ದಿನದ ಘಟನೆಯನ್ನು ವರ್ತಮಾನದಲ್ಲಿ ಹೇಳುತ್ತಾ ಹೋಗಬೇಕು: "ಗಾಡಿ ತಿರುವಿನಲ್ಲಿದೆ, ಮುಂದಿನ ಸೀಟಿನಲ್ಲಿ ಅವನಿದ್ದಾನೆ, ಹೊಗೆ ಕಾಣುತ್ತಿದೆ..." ಭಯ ಎಷ್ಟಿದೆ ಎಂದು ನಡುನಡುವೆ 0ಯಿಂದ 100ರ ಅಳತೆಯಲ್ಲಿ ಕೇಳುತ್ತಾರೆ. ಅದನ್ನೆಲ್ಲ ರೆಕಾರ್ಡ್ ಮಾಡಿ, ಮನೆಯಲ್ಲಿ ದಿನವೂ ಕೇಳಲು ಕೊಡುತ್ತಾರೆ. ಜೊತೆಗೆ, ದೂರವಿಟ್ಟ ಜಾಗಗಳ ಪಟ್ಟಿ ಮಾಡಿ ಸುಲಭದ್ದರಿಂದ ಶುರುಮಾಡಿ ಒಂದೊಂದಾಗಿ ಹೋಗಿಬರಲು ಹೇಳುತ್ತಾರೆ. ಮೊದಲು ಜನ ಕಡಿಮೆಯಿರುವ ಹೊತ್ತಿನಲ್ಲಿ ಬಸ್ ನಿಲ್ದಾಣ, ಆಮೇಲೆ ಸಂತೆ, ಕೊನೆಗೆ ಜಾತ್ರೆ. ಮೊದಲ ಕೆಲವು ವಾರ ಕಷ್ಟವೇ. ಕೇಳುತ್ತಾ ಕೇಳುತ್ತಾ 90 ಇದ್ದ ಭಯ 60ಕ್ಕೆ, 30ಕ್ಕೆ ಇಳಿಯುತ್ತದೆ. ನೆನಪು ಹೋಗುವುದಿಲ್ಲ, ಅದರ ಹಿಡಿತ ಸಡಿಲವಾಗುತ್ತದೆ. ಮಿದುಳು ಆ ಘಟನೆಯನ್ನು ಕೊನೆಗೂ 'ಮುಗಿದದ್ದು' ಎಂದು ಒಪ್ಪಿಕೊಳ್ಳುತ್ತದೆ.

'ನಾನು ಮುಂದೆ ಹೋಗಿದ್ದರೆ ಅವನು ಉಳಿಯುತ್ತಿದ್ದ' ಎಂಬ ಕೊರಗಿನಲ್ಲಿ ಸಿಕ್ಕವರಿಗೆ ಪೆಟ್ರೀಶಿಯಾ ರೆಸಿಕ್ ರೂಪಿಸಿದ ಇನ್ನೊಂದು ಚಿಕಿತ್ಸೆ ಇದೆ, ಸುಮಾರು 12 ಭೇಟಿಗಳದ್ದು. ಆ ಕ್ಷಣದಲ್ಲಿ ಗೊತ್ತಿದ್ದದ್ದೇನು, ಆಮೇಲೆ ಗೊತ್ತಾದದ್ದೇನು ಎಂದು ಬರೆದು, ಬಿಡಿಸಿ, ತಪ್ಪು ತೀರ್ಪನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವುದು ಅದರ ಕ್ರಮ. ಕಣ್ಣಿನ ಚಲನೆ ಬಳಸುವ ಇ.ಎಂ.ಡಿ.ಆರ್. ಕೂಡ ಮಾನ್ಯ ವಿಧಾನ.

ಔಷಧಿಗಳಲ್ಲಿ ಸರ್ಟ್ರಲೀನ್, ಪರಾಕ್ಸಿಟೀನ್, ವೆನ್‌ಲಾಫಾಕ್ಸಿನ್ ಮೊದಲ ಆಯ್ಕೆಗಳು. ಇವು ಗುಣ ತೋರಿಸಲು 4ರಿಂದ 6 ವಾರ ಬೇಕು. 'ಹತ್ತು ದಿನ ತಿಂದೆ, ಏನೂ ಆಗಲಿಲ್ಲ' ಎಂದು ಬಿಡುವವರೇ ಹೆಚ್ಚು. ಇವು ಚಟ ಹಿಡಿಸುವ ಮಾತ್ರೆಗಳಲ್ಲ, ಆದರೆ ನಿಲ್ಲಿಸುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ತರುವ ಅಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳ ಕತೆ ಬೇರೆ. ಅವು ಚಟವಾಗುತ್ತವೆ, ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ, ಮದ್ಯದ ಜೊತೆ ಸೇರಿದರೆ ಉಸಿರನ್ನೇ ನಿಲ್ಲಿಸಬಹುದು.

ಬಾಟಲಿಯ ವಿಚಾರ

ಮಿಲಿಟರಿ ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಮದ್ಯ, ನಿದ್ದೆಯಿಲ್ಲದ ರಾತ್ರಿಗಳಿಗೆ ಸುಲಭದ ಮದ್ದಾಗಿ ಕಾಣುತ್ತದೆ. ಕುಡಿದರೆ ಬೇಗ ನಿದ್ದೆ ಹತ್ತುವುದು ನಿಜ. ಆದರೆ ನಡುರಾತ್ರಿಗೆ ಅಮಲು ಇಳಿದಾಗ ನಿದ್ದೆ ಒಡೆಯುತ್ತದೆ, ದುಃಸ್ವಪ್ನ ಹೆಚ್ಚುತ್ತದೆ, ಮರುದಿನ ಸಿಟ್ಟು ಇಮ್ಮಡಿಯಾಗುತ್ತದೆ, ಸಂಜೆಗೆ ಮತ್ತೆ ಬೇಕಾಗುತ್ತದೆ.

ಮನೆಯವರು ತಿಳಿದಿರಲೇಬೇಕಾದ ಅಪಾಯವೊಂದಿದೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಜಾಗ ಹೊತ್ತು ಗೊತ್ತಾಗದ ಗೊಂದಲ ಉಂಟಾಗಬಹುದು. ಇದು ಪ್ರಾಣಕ್ಕೆ ಎರವಾಗುವ ಸ್ಥಿತಿ. ಮಾಟವೆಂದೋ ಹಟವೆಂದೋ ಮನೆಯಲ್ಲಿ ಕಟ್ಟಿಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಥಯಾಮಿನ್ ಚುಚ್ಚುಮದ್ದು, ಅಳತೆಯ ಔಷಧಿ ಕೊಟ್ಟು ಕೆಲವೇ ದಿನಗಳಲ್ಲಿ ಸುರಕ್ಷಿತವಾಗಿ ಬಿಡಿಸುತ್ತಾರೆ. ಅದಾದಮೇಲೆ ಪಿಟಿಎಸ್‌ಡಿಯ ಚಿಕಿತ್ಸೆ ಕೈಬಿಡಬಾರದು. ಒಳಗಿನ ಕಾಯಿಲೆ ಹಾಗೇ ಉಳಿದರೆ ಬಾಟಲಿ ಮತ್ತೆ ಬರುತ್ತದೆ.

ನಿವೃತ್ತರಿಗೆ ಯಾವ ಬಾಗಿಲು?

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವಲಂಬಿತರಿಗೂ 2003ರ ಏಪ್ರಿಲ್ 1ರಿಂದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆ ಇದೆ. ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ ಮೊದಲಾದೆಡೆ ಅದರ ಪಾಲಿಕ್ಲಿನಿಕ್‌ಗಳಿವೆ. ಅಲ್ಲಿ ಮನೋವೈದ್ಯರೇ ಇರಬೇಕೆಂದಿಲ್ಲ. ಕಾರ್ಡು ತೋರಿಸಿ, ಅಲ್ಲಿನ ವೈದ್ಯಾಧಿಕಾರಿಗೆ ತೊಂದರೆ ಹೇಳಿ, ಮನೋವೈದ್ಯ ವಿಭಾಗಕ್ಕೆ ರೆಫರಲ್ ಬರೆಸಿಕೊಳ್ಳಬೇಕು. 'ನಿದ್ದೆ ಬರುವುದಿಲ್ಲ' ಎಂದಷ್ಟೇ ಹೇಳಿದರೆ ನಿದ್ದೆಯ ಮಾತ್ರೆಯೊಂದಿಗೆ ಮುಗಿದುಹೋಗಬಹುದು. ದುಃಸ್ವಪ್ನ, ಸಿಟ್ಟು, ಕುಡಿತ ಎಲ್ಲವನ್ನೂ ಹೇಳಬೇಕು. ಮರೆತುಹೋಗುವುದಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ತುರ್ತಿನಲ್ಲಿ ಯೋಜನೆಗೆ ಸೇರದ ಆಸ್ಪತ್ರೆಗೆ ದಾಖಲಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ಲುಗಳನ್ನೆಲ್ಲ ಜೋಪಾನವಾಗಿಡಬೇಕು.

ಇ.ಸಿ.ಎಚ್.ಎಸ್. ಎಲ್ಲರಿಗೂ ಇಲ್ಲ. 2022ರಲ್ಲಿ ಬಂದ ಅಗ್ನಿಪಥ್ ಯೋಜನೆಯಡಿ ನಾಲ್ಕು ವರ್ಷ ಮುಗಿಸಿ ಹೊರಬರುವ ಅಗ್ನಿವೀರರಿಗೆ ಪಿಂಚಣಿಯಾಗಲಿ ಈ ಯೋಜನೆಯಾಗಲಿ ಅನ್ವಯಿಸುವುದಿಲ್ಲ. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಪಡೆಗಳು ಗೃಹ ಸಚಿವಾಲಯಕ್ಕೆ ಸೇರಿದವು, ಅವರಿಗೂ ಇದು ಬರುವುದಿಲ್ಲ. ಇಂಥವರು ಮರೆಯಬಾರದ ಬಾಗಿಲು ಸರ್ಕಾರಿ ವ್ಯವಸ್ಥೆಯದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಮಾದರಿಯಾದದ್ದು, 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಈಗ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ರೋಗಿಯ ಮಾಹಿತಿ ಗುಟ್ಟಾಗಿರಬೇಕು ಎನ್ನುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ. ಕೇಸಾಗುತ್ತದೆಂದು ಹೆದರಿ ಆಸ್ಪತ್ರೆಗೆ ಹೋಗದಿರುವ ಕಾಲ ಇದಲ್ಲ.

ಪಿಂಚಣಿ ಮತ್ತು ಕಾಗದಪತ್ರ

ಸೇವೆ ಬಿಡುವ ಪ್ರತಿಯೊಬ್ಬರಿಗೂ ಕೊನೆಗೆ ವೈದ್ಯಕೀಯ ಪರೀಕ್ಷೆ ಇರುತ್ತದೆ, ಕೆಟಗರಿ ಇಳಿದವರು ರಿಲೀಸ್ ಮೆಡಿಕಲ್ ಬೋರ್ಡ್ ಮುಂದೆ ನಿಲ್ಲುತ್ತಾರೆ. ಮನೆಗೆ ಹೋಗುವ ಆತುರದಲ್ಲಿ 'ಎಲ್ಲ ಸರಿ ಇದೆ ಸಾಬ್' ಎಂದು ಸಹಿ ಹಾಕಿ ಬಂದುಬಿಡುವುದು ಅಲ್ಲಿ ನಡೆಯುವ ದೊಡ್ಡ ತಪ್ಪು. ನಿದ್ದೆ, ಕನಸು, ಭಯ ಏನಿದ್ದರೂ ಅಲ್ಲಿ ಹೇಳಿ ಬರೆಸಬೇಕು. ಕಾಯಿಲೆ ಸೇವೆಯಿಂದ ಬಂದದ್ದೇ, ಅಥವಾ ಸೇವೆಯಿಂದ ಉಲ್ಬಣವಾದದ್ದೇ, ಅದರಿಂದಾದ ವೈಕಲ್ಯ ಶೇಕಡಾ ಎಷ್ಟು ಎಂಬುದನ್ನು ಬೋರ್ಡು ನಿರ್ಧರಿಸುತ್ತದೆ. ಶೇ 20 ಅಥವಾ ಹೆಚ್ಚು ಎಂದಾದರೆ ಅಂಗವೈಕಲ್ಯದ ಪಿಂಚಣಿಯ ಪ್ರಶ್ನೆ ಏಳುತ್ತದೆ.

ಮಾನಸಿಕ ಕಾಯಿಲೆಯಲ್ಲಿ 'ಇದು ಹುಟ್ಟಿನಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ' ಎಂದು ಅರ್ಜಿ ತಿರಸ್ಕರಿಸಿದ ಉದಾಹರಣೆಗಳಿವೆ. 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಎರಡು ತೀರ್ಪು ಇಲ್ಲಿ ಮುಖ್ಯ. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ, ಸೇರುವಾಗ ಯಾವ ಕಾಯಿಲೆಯೂ ದಾಖಲಾಗಿರದಿದ್ದರೆ ಆತ ಆರೋಗ್ಯವಾಗಿದ್ದನೆಂದೇ ಭಾವಿಸಬೇಕು, ಸೇವೆಗೆ ಸಂಬಂಧವಿಲ್ಲವೆಂದು ರುಜುವಾತುಪಡಿಸುವ ಹೊಣೆ ಸರ್ಕಾರದ್ದು ಎಂದಿತು. ಸ್ಕಿಜೋಫ್ರೀನಿಯಾ ಎಂದು ಸೇವೆಯಿಂದ ಕಳಿಸಲಾಗಿದ್ದ ವೀರ್‌ಪಾಲ್ ಸಿಂಗ್ ಪ್ರಕರಣದಲ್ಲಿ, ಮೆಡಿಕಲ್ ಬೋರ್ಡಿನ ಮಾತನ್ನು ಕಣ್ಣುಮುಚ್ಚಿ ಒಪ್ಪಲಾಗದೆಂದು ಮರುಪರೀಕ್ಷೆಗೆ ಆದೇಶಿಸಿತು. ಪಿಂಚಣಿ ಅರ್ಹತೆಯ ನಿಯಮಗಳು 2023ರ ಸೆಪ್ಟೆಂಬರ್‌ನಲ್ಲಿ ಬದಲಾಗಿರುವುದರಿಂದ, ನೀವು ಬಿಡುಗಡೆಯಾದ ದಿನಾಂಕಕ್ಕೆ ಯಾವ ನಿಯಮ ಎಂಬುದನ್ನು ಸೈನಿಕ ಬೋರ್ಡಿನಲ್ಲೋ ವಕೀಲರಲ್ಲೋ ಕೇಳಿ ತಿಳಿಯಬೇಕು. ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಡಿಸ್ಚಾರ್ಜ್ ಬುಕ್, ಮೆಡಿಕಲ್ ಬೋರ್ಡಿನ ಪ್ರತಿ, ಆಸ್ಪತ್ರೆಯ ಚೀಟಿಗಳು, ಪಿಂಚಣಿ ಪಾವತಿ ಆದೇಶ (ಪಿ.ಪಿ.ಓ.) ಎಲ್ಲದರ ಜೆರಾಕ್ಸ್ ತೆಗೆದು ಒಂದೇ ಫೈಲಿನಲ್ಲಿಟ್ಟು, ಅದೆಲ್ಲಿದೆ ಎಂದು ಹೆಂಡತಿಗೂ ತಿಳಿಸಿಡಿ.

ಮನೆಯವರು ಏನು ಮಾಡಬಹುದು?

ದುಃಸ್ವಪ್ನದಲ್ಲಿ ಚೀರುತ್ತಿರುವವರನ್ನು ಮೈಮುಟ್ಟಿ ಅಲುಗಾಡಿಸಿ ಎಬ್ಬಿಸಬೇಡಿ. ಅರೆನಿದ್ದೆಯಲ್ಲಿ ಶತ್ರುವೆಂದು ತಿಳಿದು ಕೈ ಬೀಸಬಹುದು. ಸ್ವಲ್ಪ ದೂರದಲ್ಲಿ ನಿಂತು ದೀಪ ಹಾಕಿ, ಮೆತ್ತಗೆ ಮಾತಾಡಿ: "ರೀ, ನಾನು. ಮನೇಲಿದ್ದೀರಿ. ಏನೂ ಆಗಿಲ್ಲ, ನೀರು ತರ್ತೀನಿ." 'ಅಲ್ಲಿ ಏನಾಯಿತು, ಹೇಳಿ' ಎಂದು ಕೆದಕಬೇಡಿ, ತಾವಾಗಿ ಹೇಳತೊಡಗಿದರೆ ಅರ್ಧಕ್ಕೆ ತಡೆಯಬೇಡಿ. 'ಎಂಥೆಂಥವರು ಏನೇನೋ ಕಂಡಿದ್ದಾರೆ, ನೀವೊಬ್ಬರೇನಾ' ಎಂಬ ಮಾತು ಬಾಗಿಲು ಮುಚ್ಚಿಸುತ್ತದೆ. ಇಷ್ಟೆಲ್ಲ ಮಾಡುವ ನೀವೂ ದಣಿಯುತ್ತೀರಿ, 14416 ನಿಮಗಾಗಿಯೂ ಇದೆ. ಹೊಡೆತ, ಹಿಂಸೆಯನ್ನು ಕಾಯಿಲೆಯ ಹೆಸರಿನಲ್ಲಿ ಸಹಿಸಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳೊಂದಿಗೆ ಸುರಕ್ಷಿತ ಜಾಗಕ್ಕೆ ಹೋಗುವುದೇ ಸರಿ.

'ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ' ಎನ್ನುವುದು, ಆಸ್ತಿಪತ್ರ, ಬ್ಯಾಂಕ್ ಪುಸ್ತಕಗಳನ್ನು ಇದ್ದಕ್ಕಿದ್ದಂತೆ ಒಪ್ಪಿಸುವುದು, ಬಹುದಿನದ ಕಳವಳದ ನಂತರ ಕಾರಣವಿಲ್ಲದೆ ಶಾಂತವಾಗಿಬಿಡುವುದು, ಇವು ಅಪಾಯದ ಸೂಚನೆ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇರುವ ಭಾರ ಇಳಿಯುತ್ತದೆ. ಒಬ್ಬರನ್ನೇ ಬಿಡಬೇಡಿ. ಬ್ಯಾಂಕಿನ ಕಾವಲಿಗೆಂದು ಲೈಸೆನ್ಸ್ ಪಡೆದ ಬಂದೂಕಿರಲಿ, ಕೊಡಗಿನ ಮನೆಯ ಕೋವಿಯಿರಲಿ, ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸುವಂತೆ ಈಗಲೂ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲೋ ಇಡಿಸಿ. ತೋಟದ ಕೀಟನಾಶಕಕ್ಕೆ ಬೀಗ ಹಾಕಿ. ಸಾಯಬೇಕೆಂಬ ತೀವ್ರ ಒತ್ತಡ ಹೆಚ್ಚಿನವರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಮಾಜಿ ಸೈನಿಕರ ಸಂಘದಲ್ಲಿ ಈ ಲಕ್ಷಣಗಳಿರುವ ಒಬ್ಬರು ನೆನಪಿಗೆ ಬಂದಿದ್ದರೆ ಈ ವಾರವೇ ಅವರ ಜೊತೆ ಕೂತು ಮಾತಾಡಿ. ಪಾಲಿಕ್ಲಿನಿಕ್‌ಗೋ ತಾಲ್ಲೂಕು ಆಸ್ಪತ್ರೆಗೋ ಹೋಗುವಾಗ ಜೊತೆಗೆ ನೀವೂ ಹೋಗಿ. ಸಂಘಗಳು ಸ್ವಾತಂತ್ರ್ಯ ದಿನಕ್ಕೆ ಮಾಡುವ ಸನ್ಮಾನದ ಜೊತೆ ವರ್ಷಕ್ಕೊಮ್ಮೆ ಮನೋವೈದ್ಯರನ್ನು ಕರೆಸಿ ಶಿಬಿರ ನಡೆಸಲಿ. ದೇಶ ಕಾದವರಿಗೆ ಹಾರ ಹಾಕುವುದು ಗೌರವ. ಅವರು ನಿದ್ದೆ ಮಾಡುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.